ಜಪಮಾಲಕ್ಕ ಎಲ್ಲ ಬಿಟ್ಟದ್ದು

ನಮ್ಮ ಮನೆಗೆ ಮೊದಲ ಸಲ ಬಂದವರು ಕುರ್ಚಿಯಲ್ಲಿ ಕೂತು, ನೀರು ಕುಡಿದು, ಸುತ್ತ ಕಣ್ಣಾಡಿಸಿ, ಕೊನೆಗೆ ಸಂಕೋಚದಿಂದ ಕೇಳುವ ಪ್ರಶ್ನೆ ಒಂದೇ: ಹಾಲ್‌ನಲ್ಲಿ ಎರಡು ಫ್ರಿಜ್ಜು ಯಾಕೆ? ಮೊನ್ನೆ ಕರೆಂಟಿನ ಮೀಟರ್ ಓದಲು ಬಂದಾತನೂ ಕೇಳಿದ. ಒಂದರಲ್ಲಿ ಹಾಲು, ಮೊಸರು, ಕೊತ್ತಂಬರಿ ಸೊಪ್ಪು ಇವೆ. ಇನ್ನೊಂದರಲ್ಲಿ ಕಂಬಳಿ, ಕೊಡೆ, ಹಳೆಯ ಕ್ಯಾಲೆಂಡರುಗಳು, ಕ್ರಿಸ್‌ಮಸ್ಸಿಗೆ ತೂಗುಹಾಕುವ ನಕ್ಷತ್ರ. ಎರಡನೆಯದಕ್ಕೆ ಕರೆಂಟು ಕೊಟ್ಟಿಲ್ಲ.

"ಕೆಟ್ಟೋಗೈತಾ ಸಾರ್?"

"ಇಲ್ಲಪ್ಪ, ಚೆನ್ನಾಗೈತೆ. ಅದು ನಮ್ಮಕ್ಕನ ವೈರಾಗ್ಯ."

ಆತ ಮೀಟರು ನೋಡುವುದನ್ನು ಬಿಟ್ಟು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ತಪ್ಪು ಅವನದಲ್ಲ. ಅಕ್ಕನನ್ನು ಕಂಡಿಲ್ಲದವರಿಗೆ ಇದನ್ನು ನಿಂತಲ್ಲೇ ವಿವರಿಸುವುದು ಕಷ್ಟ. ನಿಮಗಾದರೆ ಕೂರಿಸಿಕೊಂಡು ಹೇಳಬಹುದು.

ಅಕ್ಕನ ಹೆಸರು ಜಪಮಾಲೆ. ನಾನು ಇನ್ನಾಸಪ್ಪ, ನಮ್ಮ ಭಾವ ಚೌರಪ್ಪ. ನಮ್ಮ ಕಡೆಯ ಕ್ರೈಸ್ತರಲ್ಲಿ ಹಳಬರ ಹೆಸರುಗಳೆಲ್ಲ ಹೀಗೇ. ಅಕ್ಕ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದಳು. ಭಾವ ಬಸ್ ಕಂಡಕ್ಟರಾಗಿ ನಿವೃತ್ತರಾದರು. ಇಬ್ಬರೂ ಹೊಸದುರ್ಗದ ಹೊರಗೆ, ತೆಂಗಿನ ತೋಟಗಳ ಅಂಚಿಗೆ ಮನೆ ಕಟ್ಟಿಕೊಂಡಿದ್ದಾರೆ. ನನ್ನದು ಚಿತ್ರದುರ್ಗದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ತಿಮ್ಮಪ್ಪ, ಮಾತೆ ಮರಿಯ, ಮೆಕ್ಕಾ, ತೀರಿಕೊಂಡ ಅಜ್ಜಂದಿರು, ಎಲ್ಲರನ್ನೂ ಒಂದೇ ಗೋಡೆಗೆ ಒರಗಿಸಿಟ್ಟು ಒಂದೇ ಬಗೆಯ ಮೊಳೆ ಹೊಡೆಯುವವನು ನಾನು. ವೈರಾಗ್ಯದ ವಿಷಯದಲ್ಲಿ ನನ್ನ ಸಾಧನೆ ಅಷ್ಟಕ್ಕಷ್ಟೆ. ಒಂದು ತಪಸ್ಸುಕಾಲದಲ್ಲಿ, ಅಂದರೆ ಈಸ್ಟರಿಗೆ, ನಮ್ಮ ಮಾತಿನಲ್ಲಿ ಪಾಸ್ಖ ಹಬ್ಬಕ್ಕೆ, ಮೊದಲು ನಾವು ಉಪವಾಸ ಮಾಡುವ ದಿನಗಳಲ್ಲಿ, ಊಟವಾದ ಮೇಲೆ ಮೊಬೈಲ್ ಮುಟ್ಟುವುದಿಲ್ಲ ಎಂದು ವ್ರತ ಹಿಡಿದಿದ್ದೆ. ಹಬ್ಬದ ತನಕ ಹೆಂಡತಿ ಸ್ಟೆಲ್ಲಾಳ ಮೊಬೈಲ್ ನೋಡಿದೆ.

ಅಕ್ಕನದು ಇದಕ್ಕಿಂತ ಕಷ್ಟದ ಪ್ರಕರಣ. ಚಿಕ್ಕಂದಿನಿಂದ ಅವಳು ಯಾವುದನ್ನೂ ಬಿಟ್ಟವಳೇ ಅಲ್ಲ. ಅವಳ ಹತ್ತಿರ ಒಂದು ತಗಡಿನ ಪೆಟ್ಟಿಗೆಯಿತ್ತು. ಅದರಲ್ಲಿ ಚಾಕಲೇಟಿನ ಜರಿಕಾಗದ, ಬಣ್ಣ ಹೋದ ರಿಬ್ಬನ್ನು, ಒಡೆದ ಬಳೆ, ಮುಗಿದುಹೋದ ಪೌಡರ್ ಡಬ್ಬಿ, ಸಂತರ ಚಿತ್ರದ ಪುಟ್ಟ ಕಾರ್ಡುಗಳು ಇದ್ದವು. ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಬಂದ ಮೇಲೆ ಮುಚ್ಚಳ ತೆಗೆದು ನನಗೆ ತೋರಿಸುತ್ತಿದ್ದಳು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡಬೇಕಿತ್ತು. ಉಸಿರು ಬಿಟ್ಟರೆ ಜರಿಕಾಗದ ಹಾರುತ್ತದೆಂದು ಮೂಗಿಗೂ ಒಮ್ಮೊಮ್ಮೆ ನಿರ್ಬಂಧ. ಕ್ರಿಸ್‌ಮಸ್ಸಿಗೆ ಅವ್ವ ಸುಟ್ಟ ಕಜ್ಜಾಯದಲ್ಲಿ ನನ್ನ ಪಾಲು ಒಲೆಯ ಮುಂದೆಯೇ ಮುಗಿಯುತ್ತಿತ್ತು. ಅಕ್ಕನ ಪಾಲು ಆ ಪೆಟ್ಟಿಗೆ ಸೇರಿ, ಕಡೆಗೆ ಇರುವೆಗಳ ಪಾಲಾಗುತ್ತಿತ್ತು. ಇರುವೆ ಮುತ್ತಿದ ಕಜ್ಜಾಯವನ್ನೂ ಅವಳು ಎಸೆಯದೆ, ಬಿಸಿಲಿನಲ್ಲಿಟ್ಟು ಇರುವೆಗಳಿಗೆ ಹೊರಡಲು ಅವಕಾಶ ಕೊಡುತ್ತಿದ್ದಳು.

ಹೋದ ವರ್ಷ ತಪಸ್ಸುಕಾಲದ ಮೊದಲ ಭಾನುವಾರ ಹೊಸದುರ್ಗದ ಚರ್ಚಿನಲ್ಲಿ ಹೊಸದಾಗಿ ಬಂದ ಫಾದರ್ ಪ್ರಬೋಧನೆ ಮಾಡಿದರಂತೆ. ತುಂಬ ಚಿಕ್ಕ ವಯಸ್ಸಿನವರು, ಒಳ್ಳೆಯ ಉತ್ಸಾಹಿ. ಯೇಸುಸ್ವಾಮಿಯ ಹತ್ತಿರ ಬಂದು, ಆಸ್ತಿ ಬಿಡಲಾರದೆ ಮುಖ ಬಾಡಿಸಿಕೊಂಡು ಹೋದ ಶ್ರೀಮಂತ ಯುವಕನ ಪ್ರಸಂಗ ಹೇಳಿ, "ಯಾವುದನ್ನು ಬಿಟ್ಟು ಇರಲಾರಿರೋ ಅಂಥ ಒಂದನ್ನು ಈ ಸಲ ಬಿಡಿ" ಎಂದರಂತೆ. ಕೆಲವರು ಚಹಾ ಬಿಟ್ಟರು. ಕೆಲವರು ಮಟನ್ ಬಿಟ್ಟರು. ಅಕ್ಕ ಮನೆಗೆ ಬಂದು ಕೋಣೆಕೋಣೆ ಸುತ್ತಿದಳು. ಬಿಟ್ಟು ಇರಲಾರದ ಒಂದನ್ನು ಹುಡುಕಿದಳು. ಅವಳಿಗೆ ಯಾವುದನ್ನೂ ಬಿಟ್ಟು ಇರಲು ಆಗುವುದಿಲ್ಲ ಎಂಬುದು ಸಂಜೆಯ ಹೊತ್ತಿಗೆ ಗೊತ್ತಾಯಿತು. ನನಗೆ ಫೋನ್ ಬಂತು.

"ಲೇ ಇನ್ನಾಸಿ, ನಾನು ಬಿಟ್ಟೆ ಕಣೋ."

"ಏನು ಬಿಟ್ಟೆ?"

"ಎಲ್ಲಾನೂ."

ಹಿಂದಿನಿಂದ ಭಾವನ ದನಿ ಕೇಳಿಸಿತು. "ಎಲ್ಲಾ ಅಂದ್ರೆ ನಾನೂ ಸೇರಿದ್ದೀನಾ ಅಂತ ಒಂದ್ಮಾತು ಕೇಳಪ್ಪ."

ಬಿಡುವುದೇನೋ ಸರಿ, ಯಾರಿಗೆ ಕೊಡುವುದು? ಹಿರಿಯೂರಿನಲ್ಲಿರುವ ಮಗಳು "ಅಮ್ಮಾ, ನಮ್ಮನೇಲಿ ಕಾಲಿಡಾಕೆ ಜಾಗ ಇಲ್ಲ" ಎಂದುಬಿಟ್ಟಳು. ಕಂಡವರಿಗೆ ಕೊಡಲು ಅಕ್ಕನಿಗೆ ಮನಸ್ಸಿಲ್ಲ. ಕಂಡವರು ಸಾಮಾನನ್ನು ಹಾಳು ಮಾಡುತ್ತಾರೆ. ಹಾಗಾಗಿ ಮುಂದಿನ ವಾರ ನಮ್ಮ ಮನೆಯ ಮುಂದೆ ಒಂದು ಲಗೇಜ್ ಆಟೋ ಬಂದು ನಿಂತಿತು. ಫ್ರಿಜ್ಜು, ಮಿಕ್ಸಿ, ಸ್ಟೀಲಿನ ಬೀರು, ಸೋಫಾ, ಮಂಚ, ಟೇಬಲ್ ಫ್ಯಾನ್, ಒಂದರೊಳಗೊಂದು ಕೂತ ಕುಕ್ಕರುಗಳು. ಮುಂದಿನ ಸೀಟಿನಲ್ಲಿ ಅಕ್ಕ ಬಿಳಿಸೀರೆಯುಟ್ಟು ಕೂತಿದ್ದಳು. ಇಳಿದವಳೇ, "ತಗಳಪ್ಪ, ನಂಗೂ ಇವಕ್ಕೂ ಇನ್ನು ಸಂಬಂಧ ಇಲ್ಲ" ಎಂದು ಕೈ ಕೊಡವಿದಳು. ಆಮೇಲೆ ಫ್ರಿಜ್ಜನ್ನು ಗೋಡೆಯಿಂದ ಎಷ್ಟು ದೂರ ಇಡಬೇಕು, ಮಿಕ್ಸಿಯಲ್ಲಿ ಅರಿಶಿನ ಯಾಕೆ ಪುಡಿ ಮಾಡಬಾರದು, ಸೋಫಾದ ಯಾವ ಮೂಲೆಯಲ್ಲಿ ದಪ್ಪಗಿರುವವರು ಕೂರಬಾರದು ಎಂದು ಸ್ಟೆಲ್ಲಾಳಿಗೆ ಮಧ್ಯಾಹ್ನದವರೆಗೆ ಹೇಳಿಕೊಟ್ಟಳು. ಸೋಫಾದ ವಿಷಯ ಹೇಳುವಾಗ ನನ್ನ ಕಡೆ ನೋಡಿದಳು.

ಅಷ್ಟಕ್ಕೇ ಮುಗಿದಿದ್ದರೆ ಸ್ಟೆಲ್ಲಾ ಸಹಿಸುತ್ತಿದ್ದಳು. ಅಕ್ಕ ಬಸ್ ಹತ್ತಿ ಮತ್ತೆ ಮತ್ತೆ ಬರತೊಡಗಿದಳು. ಬಂದವಳು ಫ್ರಿಜ್ಜಿನ ತಲೆಯ ಮೇಲೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡುವಳು. "ನಂದಲ್ಲ ಬಿಡು, ಆದ್ರೂ ಹೇಳ್ತೀನಿ, ದಿನಾ ಒಂದ್ಸಲ ಒರೆಸಿದ್ರೆ ಕೈ ಏನು ಸವೆಯಲ್ಲ." ಊಟವಾದ ಮೇಲೆ ತನ್ನ ಮಂಚದ ಮೇಲೆ ಅಡ್ಡಾಗಿ, "ಯಾರ ಮಂಚವೋ ಏನೋ, ಒಳ್ಳೆ ನಿದ್ದೆ ಬರ್ತೈತೆ" ಎನ್ನುತ್ತ ಗೊರಕೆ ಹೊಡೆಯುವಳು.

"ನಿಮ್ಮಕ್ಕ ಸನ್ಯಾಸಿ ಆದ್ರೆ ನಮ್ಮನೆ ಯಾಕ್ರಿ ಗೋಡೌನ್ ಆಗ್ಬೇಕು?" ಎಂದು ಸ್ಟೆಲ್ಲಾ ಒಂದು ದಿನ ಕೇಳಿದಳು. ಸೋಫಾವನ್ನು ಸುತ್ತುಹಾಕಿ ಅಡುಗೆಮನೆಗೆ ಹೋಗುವಾಗ ಅವಳ ಕಾಲಿನ ಕಿರುಬೆರಳು ಬೀರುವಿಗೆ ತಾಕಿತ್ತು. ಮುಂದೆ ಎಷ್ಟೋ ತಿಂಗಳಾದ ಮೇಲೆ ಅಕ್ಕ ತಾನಾಗಿಯೇ "ಯಾರಿಗಾದ್ರೂ ಕೊಟ್ಬಿಡೋ, ಅವು ನಿನ್ನವೇ" ಎಂದಳು. ಉಳಿದದ್ದನ್ನೆಲ್ಲ ಕೊಟ್ಟೆವು. ಫ್ರಿಜ್ಜು ಮಾತ್ರ, ನನ್ನದು ಎಂದು ಖಾತ್ರಿಯಾದ ಗಳಿಗೆಯಿಂದ, ಕೊಡಲು ನನಗೇ ಮನಸ್ಸು ಬಂದಿಲ್ಲ. ಇರಲಿ, ಅದು ನನ್ನ ಕಷ್ಟ.

ಹೊಸದುರ್ಗದ ಮನೆ ಹೀಗೆ ಬರಿದಾಗುತ್ತ ಬಂತು. ಕಡೆಗೆ ಉಳಿದದ್ದು ಚಾಪೆ, ನಾಲ್ಕು ಪಾತ್ರೆ, ಗೋಡೆಯ ಶಿಲುಬೆ, ಭಾವ, ಮತ್ತು ಅಕ್ಕನ ಮದುವೆಗೆ ಅಪ್ಪ ಮಾಡಿಸಿಕೊಟ್ಟ ಸಾಗುವಾನಿಯ ಡ್ರೆಸ್ಸಿಂಗ್ ಟೇಬಲ್. ಆಳೆತ್ತರದ ಕನ್ನಡಿ, ಎರಡೂ ಬದಿಗೆ ಕೆತ್ತಿದ ದ್ರಾಕ್ಷಿ ಬಳ್ಳಿ. ಅದನ್ನು ನಮ್ಮ ಮನೆಗೆ ಕಳಿಸುವ ಸೂಚನೆ ಕಂಡದ್ದೇ ನಾನು ಹೊಸದುರ್ಗಕ್ಕೆ ಓಡಿದೆ. "ಅಕ್ಕಾ, ನನಗೆ ಕೊಟ್ಟರೆ ಬಿಟ್ಟಂಗಾಗಲ್ಲ. ನಮಗೆ ಸಂಬಂಧವೇ ಇಲ್ಲದೋರಿಗೆ ಕೊಡ್ಬೇಕು" ಎಂದೆ. ಹೇಳುವಾಗ ನನಗೆ ಸ್ಟೆಲ್ಲಾಳ ಕಿರುಬೆರಳಿನ ಯೋಚನೆ ಬಿಟ್ಟರೆ ಬೇರೆ ಧರ್ಮಸೂಕ್ಷ್ಮವೇನೂ ಇರಲಿಲ್ಲ. ಅಕ್ಕ ಅದನ್ನು ಗಂಭೀರವಾಗಿ ತೆಗೆದುಕೊಂಡಳು.

ಮನೆಯ ಹಿಂದಿನ ತೋಟದಲ್ಲಿ ಆಗ ಕುರಿಮಂದೆ ಬೀಡುಬಿಟ್ಟಿತ್ತು. ಗೊಬ್ಬರವಾಗುತ್ತದೆಂದು ತೋಟದವರೇ ಕರೆಸುತ್ತಾರೆ. ಮಂದೆಯ ಯಜಮಾನ ಕರಿಯಣ್ಣ, ಅವನ ಹೆಂಡತಿ ಗಂಗಮ್ಮ. ಗಂಗಮ್ಮ ನೀರಿಗೆ ಬಂದಾಗಲೆಲ್ಲ ಆ ಕನ್ನಡಿಯ ಮುಂದೆ ಒಂದು ಗಳಿಗೆ ನಿಂತು ಸೆರಗು ಸರಿಮಾಡಿಕೊಂಡು ಹೋಗುತ್ತಿದ್ದಳು.

"ಗಂಗಮ್ಮ, ಇದು ನಿಂಗೆ" ಎಂದಳು ಅಕ್ಕ.

ಗಂಗಮ್ಮ ಯೋಚಿಸಲೂ ಇಲ್ಲ. "ಹೂಂ ಯಕ್ಕ" ಎಂದು ಒಂದು ತುದಿ ಹಿಡಿದೇಬಿಟ್ಟಳು. ಕರಿಯಣ್ಣ ತಲೆ ಕೆರೆದುಕೊಂಡ. "ಊರೂರು ಅಡ್ಡಾಡೋರು ನಾವು, ಇದನ್ನ ಎತ್ಲಾಗೆ ಹೊತ್ಕಂಡು ಹೋಗಾಣ?" ಎಂದು ಹೆಂಡತಿಯನ್ನು ಕೇಳಿದ. ಅವಳು, "ನಿನ್ನ ಟಗರು ಹೊತ್ಕಂಡು ಹೋಗಲ್ವಾ ಗಾಡಿ ಮ್ಯಾಲೆ, ಹಂಗೆ" ಎಂದಳು. ಮಾತು ಅಲ್ಲಿಗೆ ಮುಗಿಯಿತು. ಆದರೆ ಕರಿಯಣ್ಣನಿಗೆ ಪುಕ್ಕಟೆ ಇಸಿದುಕೊಳ್ಳುವುದು ಒಗ್ಗದು. ಅಕ್ಕ ಬೇಡಬೇಡವೆಂದರೂ ಒಂದು ಕರಿಮೂತಿಯ ಕುರಿಮರಿಯನ್ನು ತಂದು ಅವಳ ಬಿಳಿಸೀರೆಯ ಮಡಿಲಿಗೆ ಇಟ್ಟು ಹೋದ.

ಮರುದಿನ ಬೆಳಿಗ್ಗೆ ಅವನು ಮತ್ತೆ ಬಂದು ಬಾಗಿಲಲ್ಲಿ ನಿಂತ. ನಾನೂ ಅಲ್ಲೇ ಇದ್ದೆ.

"ಅಕ್ಕಾರೆ, ಟಗರು ಮೇಯಾಕೆ ಬರ್ತಿಲ್ಲ."

"ಜ್ವರ ಐತಾ?" ಎಂದಳು ಅಕ್ಕ, ನರ್ಸಿನ ದನಿಯಲ್ಲಿ.

"ಜ್ವರ ಅಲ್ರಿ. ಕನ್ನಡೀಲಿ ಇನ್ನೊಂದು ಟಗರೈತಲ್ಲ, ಅದು ಮೊದ್ಲು ಹೊರಡ್ಲಿ ಅಂತ ನಿಂತೈತೆ. ಟಗರು ಬರಲ್ಲ ಅಂತ ಕುರಿಗಳೂ ಬರ್ತಿಲ್ಲ."

ನಾವು ಹೋಗಿ ನೋಡಿದೆವು. ತೆಂಗಿನ ಮರದ ಕೆಳಗೆ ಡ್ರೆಸ್ಸಿಂಗ್ ಟೇಬಲ್ಲು, ಅದರ ಮುಂದೆ ಟಗರು, ಅದರ ಹಿಂದೆ ಇಡೀ ಮಂದೆ ಸಾಲುಗಟ್ಟಿ ಪೂಜೆಗೆ ಬಂದವರ ಹಾಗೆ ನಿಂತಿತ್ತು. ಗಂಗಮ್ಮ ಅವುಗಳ ನಡುವೆ ಬಾಗಿ ಹಣೆಗೆ ಕುಂಕುಮ ಇಡುತ್ತಿದ್ದಳು. ಕನ್ನಡಿ ವಾಪಸ್ ಕೊಡುವ ಮಾತನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಗೆ ಕರಿಯಣ್ಣ ತನ್ನ ಕಂಬಳಿಯನ್ನೇ ಕನ್ನಡಿಗೆ ಹೊದಿಸಿದ. ಟಗರು ಗೆದ್ದವನ ಗತ್ತಿನಲ್ಲಿ ಹೊರಟಿತು. ಆ ವಾರವೇ ಅವರು ಕನ್ನಡಿಯನ್ನು ಗಾಡಿಗೆ ಹೇರಿಕೊಂಡು ಭರಮಸಾಗರದ ಕಡೆಗೆ ಹೋದರು. ಮರಿ ಅಕ್ಕನ ಹತ್ತಿರ ಉಳಿಯಿತು.

ಆಮೇಲೆ ಬರುತ್ತಿದ್ದ ಫೋನುಗಳ ಧಾಟಿ ಬದಲಾಯಿತು. "ಇನ್ನಾಸಿ, ಆ ಟೇಬಲ್ ಫ್ಯಾನ್ ಕಳ್ಸು. ನಂಗಲ್ಲ, ಮರೀಗೆ. ಸೆಕೆ ತಡೆಯಲ್ಲ ಅದು." ಇನ್ನೊಂದು ದಿನ ಸೊಳ್ಳೆಪರದೆ. ಅದೂ ಮರಿಗೇ. ತಾನು ಚಾಪೆಯ ಮೇಲೆ ಮಲಗಿ, ಮರಿಗೆ ತನ್ನ ಶಾಲು ಹಾಸುತ್ತಿದ್ದಳು. ತಾನೇ ಮೇಯಬಲ್ಲ ಮರಿಗೂ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಭಾವ ನನ್ನೊಂದಿಗೆ ಗುಟ್ಟಾಗಿ, "ನಂಗೆ ಕರಿ ಚಾ, ಅದಕ್ಕೆ ಹಾಲು" ಎಂದು ತೋಡಿಕೊಂಡರು. ಅವರಿಗೂ ಅದರ ಮೇಲೆ ಪ್ರೀತಿ ಇಲ್ಲದಿರಲಿಲ್ಲ. ಅಂಗಳದಲ್ಲಿ ಅದು ಅವರ ಹಿಂದೆ, ಅವರು ಅದರ ಹಿಂದೆ ಸುತ್ತುತ್ತಿದ್ದದ್ದನ್ನು ನಾನೇ ನೋಡಿದ್ದೇನೆ.

ಶುಕ್ರವಾರದ ಶಿಲುಬೆ ಹಾದಿಗೂ, ಅಂದರೆ ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಪ್ರಾರ್ಥನೆಗೂ, ಅಕ್ಕ ಮರಿಯನ್ನು ಕರೆದೊಯ್ದು ಚರ್ಚಿನ ಗೇಟಿಗೆ ಕಟ್ಟುತ್ತಿದ್ದಳು. ಜನ ಒಂದೊಂದು ಸ್ಥಳದಲ್ಲಿ ಮೊಣಕಾಲೂರಿ ಪ್ರಾರ್ಥನೆ ಹೇಳಿದ ಮೇಲೆ ಮರಿ ಹೊರಗಿನಿಂದ ಉತ್ತರ ಕೊಡುತ್ತಿತ್ತು. ಮೊದಲು ಮಕ್ಕಳು ನಕ್ಕರು. ಆಮೇಲೆ ಅದು ಉತ್ತರ ಕೊಡದೆ ಮುಂದೆ ಹೋಗಲು ಫಾದರ್‌ಗೇ ಕಸಿವಿಸಿಯಾಗತೊಡಗಿತು.

ಇಷ್ಟರಲ್ಲಿ ಹೊಳಲ್ಕೆರೆಯಿಂದ ಭಾವನ ತಮ್ಮ ಫೋನ್ ಮಾಡಿ, ಹಬ್ಬಕ್ಕೆ ಎಲ್ಲರೂ ಬರುತ್ತೇವೆಂದೂ, ಮರಿ ಈಗ ಎಷ್ಟು ತೂಗಬಹುದೆಂದೂ ಕೇಳಿದ. ಅಕ್ಕ ಫೋನಿಟ್ಟವಳೇ ಮರಿಯನ್ನು ಎತ್ತಿಕೊಂಡು ಚರ್ಚಿಗೆ ಹೋದಳು. ಭಾವ ಹಿಂದೆಯೇ ಹೋದರು. ಅಲ್ಲಿ ನಡೆದದ್ದು ಭಾವ ಹೇಳಿದ್ದು.

"ಫಾದರ್, ಎಲ್ಲಾ ಬಿಟ್ಟೆ. ಇದೊಂದು ಉಳಿದೈತೆ. ಇದನ್ನೂ ಬಿಡಬೇಕಾ?"

ಫಾದರ್ ಬೆಚ್ಚಿದರು. "ಅಮ್ಮಾ, ನಾನು ಹೇಳಿದ್ದು ಒಂದು ವಸ್ತು. ಚಹಾ ಆಗಿದ್ದರೂ ಸಾಕಿತ್ತು."

"ಚಾ ಬಿಡೋದು ಕಷ್ಟ ಅಲ್ಲ ಫಾದರ್. ಇದು ಕಷ್ಟ."

ಫಾದರ್ ಮರಿಯನ್ನು ನೋಡಿದರು. ಹಿಂದಿನ ಗೋಡೆಯ ಮೇಲೆ ಕುರಿಮರಿಯನ್ನು ಹೆಗಲ ಮೇಲೆ ಹೊತ್ತ ಯೇಸುಸ್ವಾಮಿಯ ದೊಡ್ಡ ಪಟವಿತ್ತು. ಅದಕ್ಕೆ ಕಟ್ಟು ಹಾಕಿದವನು ನಾನೇ. ಅದರ ಕೆಳಗೆ ನಿಂತು ಮರಿಯನ್ನು ಬಿಡಿ ಎನ್ನುವುದು ಯಾವ ಗುರುಗಳಿಗೂ ಸುಲಭವಲ್ಲ.

"ನಿಮ್ಮ ಮನಸ್ಸು ಏನು ಹೇಳುತ್ತಮ್ಮ?"

"ಬೇಡ ಅಂತೈತೆ. ಅದಕ್ಕೇ ನಿಮ್ಮನ್ನ ಕೇಳಾಕೆ ಬಂದಿರೋದು."

ಫಾದರ್ ಮರಿಯ ತಲೆ ಸವರಿ, "ನನಗೆ ಗೊತ್ತಿಲ್ಲಮ್ಮ" ಎಂದರಂತೆ. ಅಕ್ಕನಿಗೆ ಅಷ್ಟು ಸಾಕಾಯಿತು. ಗೊತ್ತಿರುವುದನ್ನೆಲ್ಲ ಹೇಳಿಬಿಡುವ ವಯಸ್ಸಿನಲ್ಲಿ ಇವರು ಗೊತ್ತಿಲ್ಲ ಎಂದರೆ ಉತ್ತರ ತನ್ನಲ್ಲೇ ಇರಬೇಕು ಎಂದುಕೊಂಡಳು. ಮನೆಗೆ ಬಂದು, "ಮನಸ್ಸು ಬೇಡ ಅಂತೈತೆ ಅಂದ್ಮೇಲೆ ಬಿಡಬೇಕಾದ್ದು ಇದೇ. ಕರಿಯಣ್ಣನ ಮಂದೆಗೇ ಬಿಟ್ಬರಾಣ" ಎಂದಳು.

ಹಬ್ಬದ ಹಿಂದಿನ ವಾರ ಅವರಿಬ್ಬರೂ ಮರಿಯೊಂದಿಗೆ ಬಸ್ಸಿನಲ್ಲಿ ಹೊರಟರು. ಚಿತ್ರದುರ್ಗದಲ್ಲಿ ಕಾಯುವ ಬದಲು, ಜೊತೆಗಿರಲೆಂದು ನಾನು ಹೊಳಲ್ಕೆರೆಗೇ ಹೋಗಿ ಅದೇ ಬಸ್ಸು ಹತ್ತಿದೆ. ಹತ್ತುವ ಹೊತ್ತಿಗೆ ಒಳಗೆ ಚರ್ಚೆ ಜೋರಾಗಿತ್ತು.

"ಅಮ್ಮಾ, ಕುರಿಮರೀಗೆ ಲಗೇಜ್ ಟಿಕೆಟ್ ತಗಳ್ರಿ" ಎನ್ನುತ್ತಿದ್ದ ಕಂಡಕ್ಟರ್.

"ನನ್ನತ್ರ ಲಗೇಜೇ ಇಲ್ಲಪ್ಪ. ಎಲ್ಲಾ ಬಿಟ್ಟಿದ್ದೀನಿ."

"ಹಂಗಾದ್ರೆ ಇದೇನು, ಪ್ಯಾಸೆಂಜರ್ರಾ?"

"ಕೈಕೂಸು ಅನ್ಕ."

ಪಕ್ಕದಲ್ಲಿ ಕೂತಿದ್ದ ಭಾವನಿಗೆ ಇಕ್ಕಟ್ಟು. ಹೆಂಡತಿಯ ಪರ ನಿಲ್ಲುವುದೋ, ವೃತ್ತಿಯ ಪರ ನಿಲ್ಲುವುದೋ. ಕಡೆಗೆ ವೃತ್ತಿಯೇ ಗೆದ್ದಿತು. "ಇಲ್ಲಪ್ಪ, ನೀನು ಹೇಳ್ತಿರೋದೇ ಸರಿ. ಜೀವ ಇದ್ದರೂ ಅದು ಲಗೇಜೇ. ಹರಿ ಟಿಕೆಟ್ಟು" ಎಂದರು. ಅಕ್ಕ ಚಿತ್ರದುರ್ಗದವರೆಗೆ ಅವರ ಜೊತೆ ಮಾತಾಡಲಿಲ್ಲ. ಮರಿ ಟಿಕೆಟ್ಟನ್ನು ತಿಂದುಹಾಕಿತು. ಅಲ್ಲಿ ಬಸ್ಸು ಬದಲಿಸಿ ಹೊಸ ಕಂಡಕ್ಟರ್ ಬಂದಾಗ, ಅವನು ಕೇಳುವ ಮೊದಲೇ ಭಾವ ಮರಿಯ ಲಗೇಜ್ ಟಿಕೆಟ್ಟಿಗೆ ಕೈ ಚಾಚಿದರು.

ಭರಮಸಾಗರದ ಕೆರೆ ಏರಿಯ ಕೆಳಗೆ ಮಂದೆ ಸಿಕ್ಕಿತು. ದೂರದಿಂದ ಕಂಡದ್ದು ಕುರಿಗಳಲ್ಲ, ಬಿಸಿಲಿಗೆ ಫಳಫಳಿಸುವ ಕನ್ನಡಿ. ಕಂಬಳಿ ಜಾರಿತ್ತು. ಟಗರಿಗೂ ಈಗ ಅಭ್ಯಾಸವಾಗಿ, ಅತ್ತ ತಿರುಗಿಯೂ ನೋಡದೆ ಮೇಯುತ್ತಿತ್ತು. ಕರಿಯಣ್ಣ ಎದ್ದು ಬಂದ. "ಬರ್ರಿ ಅಕ್ಕಾರೆ, ಕುಂತ್ಕಳ್ರಿ" ಎಂದು ಕಂಬಳಿ ಹಾಸಿದ.

ಅಕ್ಕ ಕೂರಲಿಲ್ಲ. ಮರಿಯನ್ನು ಅವನ ಕೈಗೆ ಕೊಟ್ಟು, "ಇದನ್ನ..." ಎಂದು ಬಾಯಿ ತೆರೆದಳು. ನಾನು ಮುಂದಿನ ಮಾತಿಗೆ ಕಾದೆ. ಹಾಲು ಎಷ್ಟು ಬೆಚ್ಚಗಿರಬೇಕು, ಎಲ್ಲಿ ಮಲಗಿಸಬೇಕು, ಯಾರಿಗೆ ಮಾರಬಾರದು, ಎಲ್ಲ ಬರುತ್ತದೆ ಎಂದುಕೊಂಡೆ. ಅಕ್ಕ ಬಾಯಿ ಮುಚ್ಚಿಕೊಂಡಳು.

"ಏನು ಅಕ್ಕಾರೆ?"

"ಏನಿಲ್ಲಪ್ಪ. ನಿಂದು."

ಕರಿಯಣ್ಣ ಅದನ್ನು ಕೆಳಗಿಳಿಸಿದ. ಅದು ಒಮ್ಮೆ ಮೈಕೊಡವಿ, ಓಡಿ, ಮಂದೆಯೊಳಗೆ ಹೊಕ್ಕಿತು. ಹಿಂತಿರುಗಿ ನೋಡಲಿಲ್ಲ. ನೋಡಿದರೂ ನಮಗೆ ತಿಳಿಯುತ್ತಿರಲಿಲ್ಲ. ಅಲ್ಲಿ ಅರ್ಧಕ್ಕರ್ಧ ಕರಿಮೂತಿಯವೇ ಇದ್ದವು. ಅಕ್ಕ ತಡೆಯಲಾರದೆ "ಮರೀ" ಎಂದು ಕೂಗಿದಳು. ನಾವು ಅದಕ್ಕೆ ಬೇರೆ ಹೆಸರೇ ಇಟ್ಟಿರಲಿಲ್ಲ. ಅತ್ತಿಂದ ಇತ್ತಿಂದ ಸಿಕ್ಕಾಪಟ್ಟೆ ಮರಿಗಳು ಒಟ್ಟಿಗೆ ಅರಚಿಕೊಂಡವು. ಅಕ್ಕ ನಗಲೋ ಅಳಲೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದಳು. ಗಂಗಮ್ಮ ಬಂದು ತನ್ನ ಸೆರಗಿನಿಂದಲೇ ಅವಳ ಮುಖ ಒರೆಸಿ, ಕನ್ನಡಿಯ ಮುಂದೆ ಕೂರಿಸಿ, ಕೆದರಿದ ಕೂದಲನ್ನು ಬಾಚಿ ಗಂಟು ಹಾಕಿದಳು. ಅಕ್ಕ ಕನ್ನಡಿಯನ್ನು ಒಮ್ಮೆಯೂ ಮುಟ್ಟಲಿಲ್ಲ. ಅದರ ಮೇಲೆ ಬೇಕಾದಷ್ಟು ಧೂಳಿತ್ತು.

ಪಾಸ್ಖ ಹಬ್ಬದ ದಿನ ಪೂಜೆ ಮುಗಿಸಿಕೊಂಡು ನಾನೂ ಸ್ಟೆಲ್ಲಾಳೂ ಹೊಸದುರ್ಗಕ್ಕೆ ಹೋದೆವು. ಊಟಕ್ಕೆ ಮರಿಯಿಲ್ಲವೆಂದು ತಿಳಿದು ಹೊಳಲ್ಕೆರೆಯವರು ಬರಲಿಲ್ಲ. ಅಕ್ಕ ಅನ್ನ, ಬೇಳೆಸಾರು, ಶಾವಿಗೆ ಪಾಯಸ ಮಾಡಿದ್ದಳು. ಬರಿನೆಲದ ಮೇಲೆ ಎಲೆ ಹಾಕಿಕೊಂಡು ನಾಲ್ಕೇ ಜನ ಕೂತೆವು. ಮಾತಾಡಿದರೆ ನಮ್ಮ ಮಾತು ಗೋಡೆಗೆ ತಾಗಿ ನಮಗೇ ವಾಪಸ್ ಬರುತ್ತಿತ್ತು. ಅದಕ್ಕೇ ಎಲ್ಲರೂ ಸ್ವಲ್ಪ ಮೆಲ್ಲಗೆ ಮಾತಾಡಿದೆವು. ಅಕ್ಕ ಬಡಿಸುತ್ತ ಆಗಾಗ ಅಂಗಳದ ಕಡೆ ನೋಡುತ್ತಿದ್ದಳು.

ಊಟ ಮುಗಿಸಿ ಭಾವ ಕೈತೊಳೆಯಲು ಎದ್ದರು. ಒರೆಸಿಕೊಳ್ಳುತ್ತ, ಬೆಳಿಗ್ಗೆ ಚರ್ಚಿನಲ್ಲಿ ಹಾಡಿದ ಹಬ್ಬದ ಗೀತೆಯನ್ನು ತಮ್ಮಷ್ಟಕ್ಕೆ ಗುನುಗಿದರು. ಭಾವ ಹಾಡುತ್ತಾರೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಖಾಲಿ ಹಾಲ್ ಆ ಗುನುಗನ್ನು ಎತ್ತಿಕೊಂಡು ದೊಡ್ಡದು ಮಾಡಿ, ಒಂದು ದನಿಗೆ ನಾಲ್ಕು ದನಿ ಸೇರಿಸಿ, ಅಡುಗೆಮನೆಯವರೆಗೆ ಕಳಿಸಿತು. ಪಾತ್ರೆ ಎತ್ತುತ್ತಿದ್ದ ಅಕ್ಕ ಹಾಗೇ ನಿಂತಳು.

"ಯಾರು ಹಾಡಿದ್ದು?"

ಭಾವ ಗಾಬರಿಯಾದರು. "ನಾನೇ ಕಣೆ. ಸುಮ್ನೆ."

"ನೀವು ದಿನಾ ಹಾಡ್ತೀರಾ?"

"ಕೈ ತೊಳೆಯುವಾಗ ಒಂದೊಂದ್ಸಲ. ಯಾಕೆ, ಜೋರಾಯ್ತಾ?"

ಅಕ್ಕ ಪಾತ್ರೆಯನ್ನು ನೆಲಕ್ಕಿಟ್ಟಳು. ಸುತ್ತಲಿನ ಬರಿಗೋಡೆಗಳನ್ನೆಲ್ಲ ಒಮ್ಮೆ ನೋಡಿದಳು. ಆಮೇಲೆ ಭಾವನನ್ನು, ಅಂಗಡಿಯಲ್ಲಿ ಒಳ್ಳೆಯ ಸಾಮಾನನ್ನು ನೋಡುವವರ ಹಾಗೆ, ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಇನ್ನೊಂದ್ಸಲ ಹಾಡ್ರಿ. ಅಲ್ಲಿ ಬೇಡ, ಆ ಮೂಲೆಗೆ ನಿಂತ್ಕಳ್ರಿ. ಅಲ್ಲಿ ಇನ್ನೂ ಚೆನ್ನಾಗಿ ಕೇಳ್ತೈತೆ."

ಭಾವ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಹೇಳಿದ ಮೂಲೆಗೆ ಹೋಗಿ ನಿಂತರು. ಅಕ್ಕ ಅವರ ಭುಜ ಹಿಡಿದು ಚೂರು ಎಡಕ್ಕೆ ಸರಿಸಿದಳು. ಭಾವ ಹಾಡಿದರು.